ಪಂಚಾಯಿತಿ ಸಭೆಗಳಲ್ಲಿ ಪ್ರಾತಿನಿಧ್ಯ ಮತ್ತು ನಾಯಕತ್ವ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪರಿಸರದ ಒಂದು ಅವಲೋಕನ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಶಿವಮೊಗ್ಗ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳೂ ಚಿತ್ರದುರ್ಗ ಜಿಲ್ಲೆಯ ಜಗಳೂರು ತಾಲ್ಲೂಕೂ ಅದರಲ್ಲಿ ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿಯು ಮುಂದೆ ಪ್ರತ್ಯೇಕ ತಾಲ್ಲೂಕಾಯಿತು. ಸೂಳೆಕೆರೆಯ ನೀರುಂಡ ಚನ್ನಗಿರಿಯ ಗದ್ದೆಗಳು, ಹೊನ್ನಾಳಿಯ ತುಂಗಭದ್ರಾ ದಂಡೆ, ಬಂಜಾರರ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜೆಗೊಳ್ಳುವ ನ್ಯಾಮತಿ ಸೀಮೆಯ ಸೂರಗೊಂಡನಕೊಪ್ಪ, ನಾಯಕ ಸಮುದಾಯದ ಜನವಸತಿ ಗಣನೀಯವಾಗಿರುವ ಜಗಳೂರಿನ ಬೆದ್ದಲು ನಾಡು ಇವೆಲ್ಲವೂ ಒಂದೇ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟವು. ಇಷ್ಟು ವೈವಿಧ್ಯವುಳ್ಳ ಜನಸಮುದಾಯವು ತನ್ನನ್ನು ಆಳುವ ಸಭೆಗಳಲ್ಲಿ ಎಷ್ಟರಮಟ್ಟಿಗೆ ಪ್ರತಿಬಿಂಬಿತವಾಗಿದೆ ಎಂಬ ಪ್ರಶ್ನೆಯು ಇಲ್ಲಿನ ಸ್ಥಳೀಯ ಆಡಳಿತದ ಚರಿತ್ರೆಯಲ್ಲಿ ಮುಖ್ಯವಾದುದು.

ಈ ಪ್ರಶ್ನೆಗೆ ಹಳೆಯ ಮೈಸೂರು ಸಂಸ್ಥಾನದಲ್ಲಿಯೇ ಬೇರುಗಳಿವೆ. 1881ರಲ್ಲಿ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭಗೊಂಡ ಪ್ರಜಾಪ್ರತಿನಿಧಿ ಸಭೆಯಲ್ಲಿ ಮೊದಲಿಗೆ ಜಮೀನುದಾರರಿಗೂ ವರ್ತಕರಿಗೂ ಪ್ರಾಧಾನ್ಯವಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1918ರಲ್ಲಿ ನೇಮಕವಾದ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯು ಮರುವರ್ಷ ವರದಿ ನೀಡಿ, ಸರ್ಕಾರಿ ಸೇವೆಯಲ್ಲಿ ಹಿಂದುಳಿದ ಸಮುದಾಯಗಳಿಗೆ ಸಮರ್ಪಕ ಪ್ರಾತಿನಿಧ್ಯವನ್ನು ಶಿಫಾರಸು ಮಾಡಿತು. ಇಂತಹ ಕ್ರಮದಿಂದ ಅರ್ಹತೆಗೆ ಧಕ್ಕೆಯಾಗುವುದೆಂದು ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರು ಭಿನ್ನಾಭಿಪ್ರಾಯ ತಳೆದಿದ್ದರು. ಅರ್ಹತೆ ಮತ್ತು ಪ್ರಾತಿನಿಧ್ಯಗಳ ನಡುವಿನ ಈ ವಾದವು ಪಂಚಾಯಿತಿಗಳ ಕಾಲದಲ್ಲಿಯೂ ಹೊಸ ರೂಪದಲ್ಲಿ ಮರುಕಳಿಸಿತು.

ನಿರ್ಣಾಯಕ ತಿರುವು ದೊರೆತದ್ದು 1983ರ ಶಾಸನದಿಂದ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಈ ಕಾಯಿದೆಯನ್ವಯ 1987ರಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಶೇಕಡ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಸಂವಿಧಾನದ 73ನೇ ತಿದ್ದುಪಡಿಯ ಬಳಿಕ ಬಂದ 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಈ ಪ್ರಮಾಣವನ್ನು ಮೂರನೆಯ ಒಂದು ಭಾಗಕ್ಕೆ ಏರಿಸಿದುದಲ್ಲದೆ, ಅಧ್ಯಕ್ಷ ಪದವಿಗೂ ಆವರ್ತನ ಪದ್ಧತಿಯಲ್ಲಿ ಮೀಸಲಾತಿಯನ್ನು ವಿಸ್ತರಿಸಿತು. 2010ರ ತಿದ್ದುಪಡಿಯು ಮಹಿಳೆಯರ ಪಾಲನ್ನು ಶೇಕಡ 50ಕ್ಕೆ ಹೆಚ್ಚಿಸಿತು. ಸದಸ್ಯತ್ವದಿಂದ ಅಧ್ಯಕ್ಷ ಪದವಿಯವರೆಗಿನ ಈ ನಡಿಗೆಯೇ ಅತ್ಯಂತ ಗಮನಾರ್ಹವಾದುದು. ಏಕೆಂದರೆ ಸದಸ್ಯರು ಚರ್ಚೆಯಲ್ಲಿ ಪಾಲ್ಗೊಂಡರೆ, ಅಧ್ಯಕ್ಷರು ಸಭೆ ಕರೆಯುವ ಮತ್ತು ನಡೆಸುವ ಅಧಿಕಾರವನ್ನು ಹೊಂದಿರುತ್ತಾರೆ.

ಆದರೆ ಶಾಸನವು ಕೊಡುವುದು ಕುರ್ಚಿಯನ್ನು ಮಾತ್ರ, ಮಾತನ್ನಲ್ಲ. ಚುನಾಯಿತ ಮಹಿಳೆಯ ಬದಲಿಗೆ ಪತಿಯೋ ಮಗನೋ ವ್ಯವಹರಿಸುವುದು, ಠರಾವು ಪುಸ್ತಕಕ್ಕೆ ಮನೆಯಲ್ಲಿಯೇ ಸಹಿ ಪಡೆಯುವುದು, ಪರಿಶಿಷ್ಟ ವರ್ಗದ ಅಧ್ಯಕ್ಷರ ಹೆಸರಿನಲ್ಲಿ ಊರಿನ ಪ್ರಬಲರು ತೀರ್ಮಾನ ಕೈಗೊಳ್ಳುವುದು ಇವು ನಾಡಿನಾದ್ಯಂತ ಚರ್ಚೆಗೊಳಗಾದ ಸಂಗತಿಗಳು. ಆವರ್ತನ ಪದ್ಧತಿಯೂ ಇಬ್ಬಗೆಯ ಪರಿಣಾಮವುಳ್ಳದ್ದು. ಅದು ಹೊಸಬರಿಗೆ ಬಾಗಿಲು ತೆರೆಯುತ್ತದೆ. ಕಲಿತವರು ಮುಂದುವರಿಯುವ ಅವಕಾಶವನ್ನು ಮೊಟಕುಗೊಳಿಸುತ್ತದೆ. ಈ ಕೊರತೆಯನ್ನು ತುಂಬಲು ಮೈಸೂರಿನಲ್ಲಿ ನಜೀರ್ ಸಾಬ್ ಅವರ ಹೆಸರಿನಲ್ಲಿರುವ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಸದಸ್ಯರಿಗೆ ತರಬೇತಿ ನೀಡುತ್ತ ಬಂದಿದೆ.

ನಾಯಕತ್ವಕ್ಕೆ ಅಗತ್ಯವಾದ ಸ್ವಾವಲೋಕನವು ಈ ಹಂತದಲ್ಲಿಯೇ ಪ್ರಸ್ತುತವಾಗುತ್ತದೆ. ಅದು ಹೊಸದಾಗಿ ಬಂದವರಿಗಷ್ಟೇ ವಿಧಿಸಬೇಕಾದ ಪಾಠವಲ್ಲ. ತಲೆಮಾರುಗಳಿಂದ ಅಧಿಕಾರದ ಸನಿಹದಲ್ಲಿದ್ದವರು ತಾವು ಯಾರ ಮಾತನ್ನು ಆಲಿಸದೆ ನಿರ್ಣಯಿಸುತ್ತಿದ್ದೇವೆ ಎಂದು ಕೇಳಿಕೊಳ್ಳುವುದು ಅದರ ಮೊದಲ ಮೆಟ್ಟಿಲು. ಕಾಲುವೆಯ ಕೊನೆಯಂಚಿನ ರೈತನ ನೀರು, ತಾಂಡಾದ ರಸ್ತೆ, ಬೆದ್ದಲು ಸೀಮೆಯ ಕುಡಿಯುವ ನೀರು ಇವುಗಳ ಕಷ್ಟವನ್ನು ಉಂಡವರು ಸಭೆಯಲ್ಲಿದ್ದಾಗ ಆದ್ಯತೆಗಳ ಪಟ್ಟಿಯೇ ಬದಲಾಗುವ ಸಾಧ್ಯತೆಯಿದೆ. ಅನುಭವವೂ ಒಂದು ಬಗೆಯ ಅರ್ಹತೆಯೇ ಎಂಬುದು 1918ರ ವಾದಕ್ಕೆ ಪಂಚಾಯಿತಿಗಳು ಒದಗಿಸಬಲ್ಲ ಉತ್ತರ.

ರಾಜ್ಯದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ನಂತರ ಹಲವು ವರ್ಷ ಚುನಾವಣೆ ನಡೆಯದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಸಭೆಯೇ ಇಲ್ಲದಿದ್ದಲ್ಲಿ ಮೀಸಲಾತಿಯ ಪ್ರಮಾಣ ಎಷ್ಟಿದ್ದರೂ ವ್ಯರ್ಥ. ಆದ್ದರಿಂದ ಎಲ್ಲರನ್ನೂ ಒಳಗೊಳ್ಳುವ ಆಡಳಿತದ ಚರಿತ್ರೆಯು ಶಾಸನಗಳ ಚರಿತ್ರೆಯಷ್ಟೇ ಅಲ್ಲ. ಸಭೆಗಳು ಕಾಲಕಾಲಕ್ಕೆ ಸೇರಿ, ಅಲ್ಲಿ ಆಡಿದ ಮಾತು ನಡಾವಳಿಯಲ್ಲಿ ದಾಖಲಾಗುವ ಚರಿತ್ರೆಯೂ ಆಗಿದೆ.