ಗಿರಣಿಯ ಒಡ್ಡು, ಸರೋವರದ ಪ್ಲವಕ

ಅಮೆರಿಕದ ಕನೆಕ್ಟಿಕಟ್‌ನ ಸರೋವರಗಳಿಗೆ ಅಲೆವೈಫ್ ಎಂಬ ಹೆರಿಂಗ್ ಕುಲದ ಮೀನು ವಸಂತದಲ್ಲಿ ಸಮುದ್ರದಿಂದ ಹೊಳೆಯೇರಿ ಬಂದು ಮೊಟ್ಟೆಯಿಡುತ್ತಿತ್ತು. ಮರಿಗಳು ಬೇಸಿಗೆಯಿಡೀ ಅಲ್ಲೇ ಮೇದು, ಶರತ್ಕಾಲದ ಹೊತ್ತಿಗೆ ಕಡಲಿಗಿಳಿಯುತ್ತಿದ್ದವು. ವಸಾಹತುಗಾರರು ಹಿಟ್ಟಿನ ಗಿರಣಿಗೂ ಮರ ಕೊಯ್ಯುವ ಗಿರಣಿಗೂ ತೊರೆಗಳಿಗೆ ಒಡ್ಡು ಕಟ್ಟಿದರು. ಕೆಲವು ಸರೋವರಗಳಿಗೆ ಮೀನು ಬರುವುದೇ ನಿಂತಿತು. ರೋಜರ್ಸ್, ಪಟಗಾನ್ಸೆಟ್‌ನಂಥ ಕಡೆ ಅದು ಒಳಗೇ ಸಿಕ್ಕಿಕೊಂಡು ಅಲ್ಲಿಯದೇ ಆಯಿತು.

ಇದರ ಪರಿಣಾಮ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣ ಜೀವಿಗಳ ಮೇಲಾಗಿದೆಯೆಂದು ಬಹುಕಾಲ ಯಾರಿಗೂ ಹೊಳೆದಿರಲಿಲ್ಲ. ಬೊಹೀಮಿಯಾದ ಕೊಳಗಳಲ್ಲಿ ಮೀನು ಹೆಚ್ಚಾದರೆ ಪ್ರಾಣಿಪ್ಲವಕದ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳ, ಜಾತಿಗಳೇ ಬದಲಾಗುತ್ತವೆಂದು ಯಾರೊಸ್ಲಾವ್ ಹರ್ಬಾಚೆಕ್ ಮೊದಲೇ ತೋರಿಸಿದ್ದರು. ಆದರೆ ವಿಷಯ ಎಲ್ಲರ ಗಮನ ಸೆಳೆದದ್ದು 1965ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಜಾನ್ ಬ್ರೂಕ್ಸ್ ಮತ್ತು ಸ್ಟ್ಯಾನ್ಲಿ ಡಾಡ್ಸನ್ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಕನೆಕ್ಟಿಕಟ್‌ನ ಕ್ರಿಸ್ಟಲ್ ಲೇಕ್ ಸರೋವರದ 1942ರ ಪ್ಲವಕದ ಮಾದರಿ ಅವರಿಗೆ ಸಿಕ್ಕಿತ್ತು. ಆಗ ಅಲ್ಲಿ ಪ್ಲವಕ ತಿನ್ನುವ ಹೆರಿಂಗ್ ಇರಲಿಲ್ಲ. ಡಾಫ್ನಿಯದಂಥ ದೊಡ್ಡ ಪ್ಲವಕಗಳು ಧಾರಾಳವಾಗಿದ್ದವು. ಆಮೇಲೆ ಅಲೆವೈಫ್‌ನ ಸೋದರ ಜಾತಿಯ ಮೀನನ್ನು ತಂದು ಬಿಡಲಾಯಿತು. 1964ರ ಮಾದರಿಯಲ್ಲಿ ದೊಡ್ಡವು ಹೆಚ್ಚುಕಡಿಮೆ ಮಾಯವಾಗಿ, ಬಾಸ್ಮಿನದಂಥ ಸಣ್ಣವು ತುಂಬಿದ್ದವು. ಅತಿ ಹೆಚ್ಚು ಕಂಡ ಗಾತ್ರ ಸುಮಾರು 0.8 ಮಿಲಿಮೀಟರಿನಿಂದ 0.3ಕ್ಕೆ ಇಳಿದಿತ್ತು.

ಅವರ ವಿವರಣೆ ಸರಳ. ಪಾಚಿಯನ್ನು ಸೋಸಿ ತಿನ್ನುವುದರಲ್ಲಿ ದೊಡ್ಡ ಜೀವಿಗಳದೇ ಮೇಲುಗೈ. ಮೀನಿಲ್ಲದಿದ್ದರೆ ಸಣ್ಣವಕ್ಕೆ ಮೇವು ಉಳಿಯದು. ಮೀನಾದರೋ ಕಣ್ಣಿಗೆ ಬಿದ್ದದ್ದನ್ನು ಹಿಡಿಯುತ್ತದೆ. ಡಾಫ್ನಿಯದ ಮೈ ಗಾಜಿನಂತೆ ಪಾರದರ್ಶಕವಾಗಿದ್ದರೂ ಕಪ್ಪು ಕಣ್ಣು ಮತ್ತು ತುಂಬಿದ ಕರುಳು ಅದರ ಗುಟ್ಟು ಬಿಟ್ಟುಕೊಡುತ್ತವೆ. ಈ ವಾದದಲ್ಲಿ ಒಂದು ಕೊರತೆಯಿತ್ತು: ಮೀನಿಲ್ಲದ ನೀರಿನಲ್ಲಿ ಸಣ್ಣವು ಸೋಲುವುದು ಹಸಿವಿನಿಂದ ಮಾತ್ರವಲ್ಲ, ಕೀಟದ ಮರಿಗಳೂ ದೊಡ್ಡ ಪ್ಲವಕಗಳೂ ಅವನ್ನೇ ಹುಡುಕಿ ತಿನ್ನುತ್ತವೆ. ಮೀನು ಆ ಬೇಟೆಗಾರರನ್ನೂ ತಿಂದು ಸಣ್ಣವಕ್ಕೆ ನೆರವಾಗುತ್ತದೆ. ಡಾಡ್ಸನ್ ಅವರೇ ಮುಂದೆ ಇದನ್ನು ಎತ್ತಿ ಹೇಳಿದರು.

ಹಾಗಾದರೆ ದೊಡ್ಡ ಪ್ಲವಕವೂ ಸಣ್ಣ ಪ್ಲವಕವೂ ಒಂದೇ ಸರೋವರದಲ್ಲಿ ಬಾಳುವುದೆಲ್ಲಿ? ಮೀನು ಇನ್ನೂ ವಲಸೆ ಬಂದು ಹೋಗುವ ಕಡೆ. ಅಲ್ಲಿ ವಸಂತದಲ್ಲಿ ಡಾಫ್ನಿಯ ಹೆಚ್ಚುತ್ತದೆ, ಬೇಸಿಗೆಯಲ್ಲಿ ಮರಿಮೀನುಗಳು ಅದನ್ನು ಮುಗಿಸಿದ ಮೇಲೆ ಸಣ್ಣವುಗಳ ಸರದಿ. ತಳದ ಕೆಸರಿನಲ್ಲಿ ಉಳಿದ ಸುಪ್ತ ಮೊಟ್ಟೆಗಳಿಂದ ಡಾಫ್ನಿಯ ಮತ್ತೆ ಹುಟ್ಟುತ್ತದೆ. ಆ ಸರೋವರಗಳ ಡಾಫ್ನಿಯ ಬೇಗ ಪ್ರಾಯಕ್ಕೆ ಬಂದು ಹೆಚ್ಚು ಮರಿ ಹಾಕುತ್ತದೆಂದೂ ಕಂಡುಬಂದಿದೆ. ಒಡ್ಡಿನೊಳಗೆ ಸಿಕ್ಕಿದ ಮೀನಿರುವಲ್ಲಿ ವರ್ಷವಿಡೀ ಮೇಯುವಿಕೆ, ಹಾಗಾಗಿ ವರ್ಷವಿಡೀ ಸಣ್ಣ ಪ್ಲವಕ. ದೊಡ್ಡ ತುತ್ತು ಸಿಗದ ಆ ಮೀನಿನ ಬಾಯಿ ಕೂಡ ಕಿರಿದಾಗಿದೆ, ಕಿವಿರಿನ ಸೋಸುಕಡ್ಡಿಗಳು ಒತ್ತಾಗಿವೆ. ಮೀನಿದೆಯೇ ಎನ್ನುವುದಕ್ಕಿಂತ ಎಷ್ಟು ತಿಂಗಳು ಇದೆ ಎನ್ನುವುದೇ ಇಲ್ಲಿ ನಿರ್ಣಾಯಕ.

ರೋಜರ್ಸ್ ಸರೋವರದ ಒಡ್ಡಿಗೆ ಈಗ ಮೀನೇಣಿ ಕಟ್ಟಲಾಗಿದ್ದು, ಕಡಲಿನ ಅಲೆವೈಫ್‌ಗೆ ದಾರಿ ಮತ್ತೆ ತೆರೆದಿದೆ.