ಮಟ್ಟಿಯ ಹೊರಗೆ ನಿಂತು

ಮೊದಲ ದಿನವೇ ಗುರುಗಳು ಆನೆಯ ಹಾಗೆ ನಿಲ್ಲಲು ಹೇಳಿದರು. ಕಳರಿಪಯಟ್ಟಿನಲ್ಲಿ ಇದಕ್ಕೆ ಗಜವಡಿವು ಎನ್ನುತ್ತಾರೆ. ಮಂಡಿ ಬಗ್ಗಿಸಿ, ಸೊಂಟ ಇಳಿಸಿ, ಕದಲದೆ ನಿಲ್ಲಬೇಕು. ಇಪ್ಪತ್ತು ಎಣಿಸುವುದರೊಳಗೆ ನನ್ನ ತೊಡೆ ನಡುಗಿ ಕೂತುಬಿಟ್ಟೆ. ಪಕ್ಕದಲ್ಲಿದ್ದ ಒಂಬತ್ತು ವರ್ಷದ ಹುಡುಗಿ ಕದಲದೆ ನಿಂತಿದ್ದಳು, ನನ್ನ ಕಡೆ ನೋಡಿ ನಗಲೂ ಇಲ್ಲ. ನಾಲ್ಕು ವರ್ಷಗಳಿಂದ ನಾನು ವೀರಗಲ್ಲುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕೆಳಗಿನ ಪಟ್ಟಿಕೆಯ ಆ ವೀರ ಯಾವ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಾನೆ ಎಂದು ಒಮ್ಮೆಯೂ ನೋಡಿರಲಿಲ್ಲ.

ತರಗತಿ ನಡೆಯುವುದು ವೈಟ್‌ಫೀಲ್ಡಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ಗೋಡೆಯ ಆಚೆ ಕಾರುಗಳು ನಿಲ್ಲುತ್ತವೆ. ಕೇರಳದ ಹಳೆಯ ಕುಳಿಕ್ಕಳರಿಗಳೂ ನೆಲವನ್ನು ಅಗೆದು ತಗ್ಗಿನಲ್ಲಿ ಮಾಡಿದವು, 42 ಅಡಿ ಉದ್ದ, 21 ಅಡಿ ಅಗಲ. ನಮ್ಮದೂ ನೆಲದ ಕೆಳಗೇ ಇದೆಯಲ್ಲ ಎಂದು ಗುರುಗಳು ಅರ್ಧ ಕನ್ನಡ, ಅರ್ಧ ಮಲಯಾಳದಲ್ಲಿ ಸಮಾಧಾನ ಹೇಳುತ್ತಾರೆ. ಕಳರಿ ಎಂಬ ಮಾತಿಗೂ ನಮ್ಮ ಕಳ, ಕಣ ಎಂಬ ಮಾತುಗಳಿಗೂ ನಂಟಿದೆ ಎನ್ನುತ್ತಾರೆ ನಿಘಂಟುಕಾರರು. ರಾಗಿ ಬಡಿಯುವ ಕಣವೂ ಅದೇ, ಕಾದುವ ಕಣವೂ ಅದೇ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ವಸಾಹತಿಗೆಂದು 3,900 ಎಕರೆ ಕೊಟ್ಟಾಗ ಈ ಸುತ್ತಿನಲ್ಲಿ ಮೊದಲ ಬಗೆಯ ಕಣಗಳೇ ಇದ್ದಿರಬೇಕು.

ನಿಜ ಹೇಳಬೇಕೆಂದರೆ ನಾನು ಮೊದಲು ಹೋದದ್ದು ಕಳರಿಗಲ್ಲ. ಇಲ್ಲಿಗೆ ಹತ್ತಿರದ ಹಳ್ಳಿಯೊಂದರಲ್ಲಿ, ಈಗ ಅದು ಹಳ್ಳಿಯಾಗಿ ಉಳಿದಿಲ್ಲ, ಒಂದು ಹಳೆಯ ಗರಡಿ ಮನೆ ಇದೆ. ತಗ್ಗಾದ ಬಾಗಿಲು, ಒಳಗೆ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆ, ಗೋಡೆಯಲ್ಲಿ ಹನುಮಂತ. ಬೇಗೂರಿನ ವೀರಗಲ್ಲನ್ನು ಓದಿದವಳಿಗೆ, ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣಿಸುವುದೇ ಆ 9ನೇ ಶತಮಾನದ ಕೊನೆಯ ಕಾಳಗದ ಕಲ್ಲಿನಲ್ಲಿ, ಈ ಊರಿನದೇ ವಿದ್ಯೆ ಕಲಿಯಬೇಕೆಂಬ ಆಸೆ ಸಹಜ. ವಸ್ತಾದರು ಎಪ್ಪತ್ತು ದಾಟಿದವರು. ಪ್ರೀತಿಯಿಂದಲೇ ಹೇಳಿದರು: “ಒಳಗೆ ಬರಂಗಿಲ್ಲ ಕಣಮ್ಮ. ಹೆಣ್ಣುಮಕ್ಕಳು ಮಟ್ಟಿ ತುಳೀಬಾರ್ದು. ಹೊರಗಡೆ ಜಗಲಿ ಮೇಲೆ ಕೂತ್ಕೊಂಡು ಎಷ್ಟು ಬೇಕಾದ್ರೂ ನೋಡಿ.”

ಕೂತು ನೋಡಿದೆ. ಮನೆಗೆ ಬಂದು, ಸಿಟ್ಟು ಬಂದಾಗ ನಾನು ಮಾಡುವುದನ್ನೇ ಮಾಡಿದೆ, ಪುಸ್ತಕ ತೆಗೆದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವೇ ಇದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವಿಂಗಡಿಸುವುದು, ಅರಸನೇ ಅವರಿಗೆ ಹಾಲು, ತುಪ್ಪ, ಮಾಂಸ ಒದಗಿಸುವುದು ಎಲ್ಲವೂ ಅಲ್ಲಿದೆ. ಅಭ್ಯಾಸಕ್ಕೆ ಅವನು ಬಳಸುವ ಮಾತು ಶ್ರಮ. ಭಾರ ಹೊರುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬ ಹತ್ತಿ ಸುತ್ತುವುದು ಸ್ತಂಭಶ್ರಮ. ಎಳೆಯ ಮಲ್ಲನಿಗೆ ‘ಭವಿಷ್ಣು’ ಎಂಬ ಹೆಸರಿದೆ, ಅಂದರೆ ಇನ್ನೂ ಆಗುತ್ತಿರುವವನು. ಇಪ್ಪತ್ತೆಂಟರಲ್ಲಿ ಕಾಲಿಟ್ಟ ನನ್ನನ್ನು ಸೋಮೇಶ್ವರ ಆ ಸಾಲಿಗೂ ಸೇರಿಸುತ್ತಿರಲಿಲ್ಲವೇನೋ.

ಅರಸರೂ ಬೆವರು ಸುರಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಯಸ್ ಬರೆಯುವಂತೆ, ಕೃಷ್ಣದೇವರಾಯ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಭಾರ ಎತ್ತಿ ಕತ್ತಿ ತಿರುವುತ್ತಿದ್ದ. ಆಮೇಲೆ ತನ್ನ ಮಲ್ಲರಲ್ಲೊಬ್ಬನ ಜೊತೆ ಕುಸ್ತಿ, ಅದಾದ ಮೇಲೆ ಕುದುರೆ ಸವಾರಿ. ಮಹಾನವಮಿಯ ಕುಸ್ತಿಯಲ್ಲಿ ಹಲ್ಲು ಮುರಿದು, ಮುಖ ಕೆಟ್ಟು, ಮಾತೇ ಹೊರಡದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರಂತೆ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಆ ಪರಂಪರೆಯದೇ. ತಲೆ ಬೋಳಿಸಿ ಜುಟ್ಟು ಬಿಟ್ಟ ಜಟ್ಟಿಗಳು ಇಂದಿಗೂ ವಿಜಯದಶಮಿಯಂದು ಅರಮನೆಯಲ್ಲಿ ಇಳಿಯುತ್ತಾರೆ. ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ.

ಇಷ್ಟೆಲ್ಲ ಗಂಡಸರ ನಡುವೆ ನಾನು ಹುಡುಕುತ್ತಿದ್ದದ್ದು ಸಿಕ್ಕಿದ್ದು ಒಂದು ಪಟ್ಟಿಯಲ್ಲಿ. ಅಚ್ಯುತರಾಯನ ಕಾಲದಲ್ಲಿ, 1535ರ ಹೊತ್ತಿಗೆ ಬರೆದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಅರಮನೆಯ ಸೇವೆಯಲ್ಲಿದ್ದ ಹೆಂಗಸರನ್ನು ಎಣಿಸುತ್ತ, ಲೆಕ್ಕ ಬರೆಯುವವರು, ಜ್ಯೋತಿಷ್ಯ ಹೇಳುವವರು, ಹಾಡುವವರ ಜೊತೆಗೆ ಕುಸ್ತಿ ಮಾಡುವ ಹೆಂಗಸರನ್ನೂ ಹೆಸರಿಸುತ್ತಾನೆ. ಅಷ್ಟೇ. ಅವರ ಹೆಸರಿಲ್ಲ, ಗುರು ಯಾರೆಂದಿಲ್ಲ. ರಾಬರ್ಟ್ ಸಿವೆಲ್ 1900ರಲ್ಲಿ ಪಯಸ್, ನೂನಿಜ್ ಇಬ್ಬರ ಬರಹಗಳನ್ನೂ ಇಂಗ್ಲಿಷಿಗೆ ತಂದ ಮೇಲೆ ಎಳ್ಳೆಣ್ಣೆಯ ಕತೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಬಂತು. ಈ ಹೆಂಗಸರ ಮಾತು ಅಷ್ಟಾಗಿ ಬರಲಿಲ್ಲ. ಒಂದು ಸಾಲಿನ ಮೇಲೆ ಹೆಚ್ಚು ಭಾರ ಹಾಕಬಾರದು ಎಂದು ನನ್ನ ಮಾರ್ಗದರ್ಶಕರು ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ಮಟ್ಟಿ ತುಳಿದವರಿದ್ದರು ಎಂಬಷ್ಟನ್ನು ಆ ಸಾಲು ಹೊರುತ್ತದೆ.

ಕಳರಿಗೆ ಸೇರಿ ಮೂರು ತಿಂಗಳಾದ ಮೇಲೆ ಮತ್ತೆ ಗರಡಿಗೆ ಹೋದೆ. ನೂನಿಜ್ ಬರೆದದ್ದನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಜಗಲಿಯ ಮೇಲೆ ಕೂತು ಓದಿದೆ. ವಸ್ತಾದರು ಎರಡು ಸಲ ಓದಿಸಿದರು.

“ಅವರು ರಾಜರ ಮನೆಯೋರು ಕಣಮ್ಮ,” ಎಂದರು ಕೊನೆಗೆ. ಸ್ವಲ್ಪ ಹೊತ್ತು ಬಿಟ್ಟು, “ನೀವು ಕಲೀತಿರೋದು ಏನು, ತೋರ್ಸಿ.”

ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು ಆನೆಯ ಹಾಗೆ ನಿಂತೆ. ಒಳಗೆ ಬಸ್ಕಿ ಹೊಡೆಯುತ್ತಿದ್ದ ಹುಡುಗರು ಬಾಗಿಲಿಗೆ ಬಂದರು. ವಸ್ತಾದರು ಕೋಲು ಊರಿ ಎದ್ದು, ನನ್ನ ಎಡಗಾಲಿನ ಹಿಮ್ಮಡಿಯ ಹತ್ತಿರ ಅದರ ತುದಿ ಇಟ್ಟರು.

“ಇದು ಏಳ್ತಾ ಇದೆ. ನೆಲಕ್ಕೆ ಹಾಕಿ.”