ನೀಲಗಿರಿ ಮತ್ತು ನಮ್ಮ ಗುಡ್ಡದ ಬೆಂಕಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಬರೆಯಬೇಕೆಂದಾಗ ನನಗೆ ಮೊದಲು ನೆನಪಾದದ್ದು ತರಗತಿಯ ಕಿಟಕಿಯಿಂದ ಕಾಣುತ್ತಿದ್ದ ಕಲ್ಲುಗುಡ್ಡ. ಒಂಬತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ನಾವು ನಾಲ್ವರು ಗೆಳೆಯರು ಅದರ ಬುಡದ ಒಣಹುಲ್ಲಿಗೆ ಕಡ್ಡಿ ಗೀರಿದೆವು. ಸುಟ್ಟರೆ ಮಳೆಗೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಎಂದು ಕುರಿ ಕಾಯುವವರಿಂದ ಕೇಳಿದ್ದೆವು. ಬೆಂಕಿ ಮೇಲಿನ ನೀಲಗಿರಿ ತೋಪಿಗೆ ಏರಿತು. ವನಮಹೋತ್ಸವದಲ್ಲಿ ನಮ್ಮ ಶಾಲೆಯ ಮಕ್ಕಳೇ ನೆಟ್ಟಿದ್ದ ಬೇವು, ಹೊಂಗೆಯ ಸಸಿಗಳು ಕರಕಲಾದವು. ನಾವು ಓಡಿಹೋದೆವು, ಯಾರಿಗೂ ಹೇಳಲಿಲ್ಲ. ಮಳೆಗಾಲದಲ್ಲಿ ಹೋಗಿ ನೋಡಿದರೆ ಸುಟ್ಟ ನೀಲಗಿರಿಯ ಬುಡದಲ್ಲಿ ಚಿಗುರು ಬಂದಿತ್ತು. ಸಸಿಗಳ ಜಾಗ ಖಾಲಿಯಾಗಿತ್ತು.

ಹೀಗೇಕೆ ಎಂದು ತಿಳಿಯಲು ಆ ಮರದ ಚರಿತ್ರೆ ನೋಡಬೇಕು. ನೀಲಗಿರಿಯ ತವರು ಆಸ್ಟ್ರೇಲಿಯಾ. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅದನ್ನು ನಂದಿಬೆಟ್ಟದಲ್ಲಿ ನೆಡಲಾಯಿತೆಂದು ಹೇಳುತ್ತಾರೆ. 1843ರಲ್ಲಿ ಬ್ರಿಟಿಷರು ಉದಕಮಂಡಲದ ಕಡೆ ಸೌದೆಗಾಗಿ ನೆಟ್ಟರು. ಆ ಬೆಟ್ಟಗಳ ಹೆಸರೇ ನಮ್ಮಲ್ಲಿ ಮರಕ್ಕೂ ಉಳಿಯಿತು. ತವರಿನಲ್ಲಿ ಅದು ಬೆಂಕಿಯ ಜೊತೆಗೇ ಬೆಳೆದ ಮರ. ಎಲೆಯಲ್ಲಿ ಎಣ್ಣೆ ಇದೆ, ಸುಲಿದು ಬೀಳುವ ತೊಗಟೆ ಬೇಗ ಉರಿಯುತ್ತದೆ, ಆದರೂ ಸುಟ್ಟ ಬುಡ ಮತ್ತೆ ಚಿಗುರುತ್ತದೆ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ತಂಪಿನ ದಿನಗಳಲ್ಲಿ ತುಂಡುತುಂಡಾಗಿ ಸಣ್ಣ ಬೆಂಕಿ ಹಚ್ಚಿ, ಪಕ್ಕದಲ್ಲೇ ಇದ್ದು, ದೊಡ್ಡ ಬೆಂಕಿಯನ್ನು ತಡೆಯುತ್ತಿದ್ದರು. ನಮ್ಮಲ್ಲಿಗೆ ಮರ ಬಂತು, ಆ ತಿಳಿವಳಿಕೆ ಬರಲಿಲ್ಲ.

ಬಳ್ಳಾರಿ, ಕುರುಗೋಡಿನ ಗುಡ್ಡಗಳು ಗ್ರಾನೈಟ್ ಬಂಡೆಗಳು. ಮಣ್ಣು ಇರುವುದು ಬಂಡೆಗಳ ಸಂದಿಯಲ್ಲಿ ಮಾತ್ರ. ಅಲ್ಲಿ ಹುಲ್ಲು, ಬಂದರಿಕೆ, ಕವಳಿ, ಬಾರಿ, ಸೀತಾಫಲ ಬೆಳೆಯುತ್ತವೆ. ಬರೀ ಬಂಡೆ ಇರುವಲ್ಲಿ ಬೆಂಕಿ ತಾನೇ ನಿಲ್ಲುತ್ತದೆ. ಹುಲ್ಲು ತರಗು ತುಂಬಿದ ಸಂದಿಗಳಲ್ಲಿ ಮೇಲಕ್ಕೆ ಓಡುತ್ತದೆ. ಬೋಳಾದ ಗುಡ್ಡದ ಮಣ್ಣು ಮೊದಲ ಜೋರು ಮಳೆಗೇ ಕೊಚ್ಚಿ ಕೆಳಗಿನ ಹಳ್ಳಕ್ಕೆ, ಕೆರೆಗೆ ಸೇರುತ್ತದೆ. ಒಮ್ಮೆ ಹೋದ ಮಣ್ಣು ಬಂಡೆಯ ಮೇಲೆ ಮತ್ತೆ ಕೂಡಲು ತಲೆಮಾರುಗಳೇ ಬೇಕು.

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. 1882ರ ಮದ್ರಾಸ್ ಅರಣ್ಯ ಕಾಯ್ದೆಯಿಂದ ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧವಾಯಿತು. ಆದರೆ ಕುರಿಗೆ ಹುಲ್ಲು ಬೇಕಾಗುವುದು ತಪ್ಪಲಿಲ್ಲ. ಕದ್ದು ಹಚ್ಚಿದ ಬೆಂಕಿಯ ಹತ್ತಿರ ಯಾರೂ ನಿಲ್ಲುವುದಿಲ್ಲ, ನಾವೂ ನಿಲ್ಲಲಿಲ್ಲ.

ಸ್ವಾತಂತ್ರ್ಯದ ನಂತರ ಕಾಗದ, ರೇಯಾನ್ ಕಾರ್ಖಾನೆಗಳಿಗಾಗಿ ನೀಲಗಿರಿ ರಾಜ್ಯದೆಲ್ಲೆಡೆ ಹಬ್ಬಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಅದೇ 'ಕಿತ್ತಿಕೋ ಹಚ್ಚಿಕೋ' ಚಳವಳಿ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಇತ್ತ 1994ರಲ್ಲಿ ಕರಡಿಧಾಮವಾದ ದರೋಜಿಯಲ್ಲಿ ಕಲ್ಲುಗುಡ್ಡದ ಕುರುಚಲು ಕಾಡೇ ಹಣ್ಣು ಕೊಟ್ಟು ಕರಡಿಗಳನ್ನು ಸಾಕುತ್ತಿದೆ. ನಮ್ಮ ಗುಡ್ಡಕ್ಕೂ ಅಂಥ ಕಾಡೇ ಸರಿ.

ಇರುವ ತೋಪುಗಳನ್ನು ಕಾಯುವ ದಾರಿ ಕಷ್ಟದ್ದಲ್ಲ. ಬೇಸಿಗೆಗೆ ಮೊದಲೇ ತೋಪಿನ ಸುತ್ತ ಹುಲ್ಲು, ತರಗು ತೆಗೆದು ಬೆಂಕಿ ರೇಖೆ ಮಾಡಬೇಕು. ಕುರಿಯವರಿಗೆ ಹುಲ್ಲು ಕೊಯ್ದುಕೊಳ್ಳಲು ಬಿಟ್ಟರೆ ಉರಿಯುವುದೂ ಕಡಿಮೆಯಾಗುತ್ತದೆ, ಸುಡುವ ಕಾರಣವೂ ಇರುವುದಿಲ್ಲ. ಸಾಫ್ಟ್‌ವೇರ್ ಕೆಲಸದವನಾದ ನನಗೆ ಉಪಗ್ರಹ ಕಾಡಿನ ಬೆಂಕಿ ಕಂಡು ಮೊಬೈಲಿಗೆ ಸಂದೇಶ ಕಳಿಸುವುದು ಸಂತೋಷದ ವಿಷಯವೇ. ಆದರೆ ಹಸಿ ಕೊಂಬೆ ಹಿಡಿದು ಗುಡ್ಡ ಹತ್ತುವವರು ಊರಿನವರೇ ಆಗಬೇಕು.

ಬರುವ ಜನವರಿಯಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ನಾವು ಹಳೆಯ ವಿದ್ಯಾರ್ಥಿಗಳು ಬೆಂಕಿ ರೇಖೆ ಮಾಡೋಣ, ಮಳೆ ಬಂದಾಗ ಬೇವು ಹೊಂಗೆ ನೆಡೋಣ. ಸಿರುಗುಪ್ಪದಲ್ಲಿರುವ, ಬೆಂಗಳೂರಿನಲ್ಲಿರುವ ಗೆಳೆಯರೂ ಬರಲಿ. ಅಂದು ಓಡಿಹೋದ ನಾಲ್ವರಲ್ಲಿ ನಾನಂತೂ ಬರುತ್ತೇನೆ.